ತಾಟಿನೊಳಗೆ ಹಿಡಿಸುವ ತಗಡು

“ಅಳೀರಿ ಸಾಹೇಬ, ಇನ್ನೊಮ್ಮಿ ಅಳೀರಿ! ತಗಡು ಒಂದು ಎಳಿ ಕಮ್ಮಿ ಬಂದ್ರ ಫಟಫಟಿ ಇಲ್ಲೇ ಬಿಟ್ಟು ನಡಕೋತ ಹೋಗ್ತೀನಿ.”

ಕಲ್ಯಾಣಪ್ಪ ಸಾವಕಾರ ತನ್ನ ಮೋಟಾರ್ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಕಾಸಾರಶಿರಸಿಯ ಪೊಲೀಸ್ ನಾಕಾದ ಬೇವಿನ ಗಿಡದ ಕೆಳಗೆ ಒಂದು ಕಾಲು ನೆಲಕ್ಕೂರಿ, ರುಮಾಲು ಸರಿಪಡಿಸಿಕೊಳ್ಳುತ್ತ ಕೂತೇ ಇದ್ದ. ನನ್ನ ಜಮಾದಾರ ದಿಗಂಬರ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ನಂಬರ್ ತಗಡಿಗೆ ಅಳತೆಪಟ್ಟಿ ಹಿಡಿದ.

“ಬರಾಬರ್ ಅದರೀ ಅಮೀನಸಾಹೇಬ. ಅಗದೀ ಸರಕಾರಿ ಮಾಪು.”

ಉಮರ್ಗಾ ರಸ್ತೆ, ನಿಲಂಗಾ ರಸ್ತೆ, ಉದಗೀರ್ ರಸ್ತೆ, ಎಲ್ಲ ಕಡೆ ನಿಲ್ಲಿಸಿ ನೋಡಿದ ಫಟಫಟಿಗಳಲ್ಲಿ ಸರಿಯಾದ ಅಳತೆಯ ತಗಡು ಇದೇ ಮೊದಲು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಷ್ಟು ಸರಿಯಾಗಿರುವುದೇ ಅನುಮಾನ ತಂದಿತು.

ಸುಗಂಧಾ ಎಂಬ ಹುಡುಗಿಯನ್ನು ಮಾಕಣಿಯ ದಾರಿಯಲ್ಲಿ ಕೆಡವಿ ಕೊಂದು ಹೋದ ಫಟಫಟಿ ಯಾವುದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಕುರಿ ಕಾಯುವವನೊಬ್ಬ ಸಂಜೆಯ ಧೂಳಿನಲ್ಲಿ ಅದರ ಬೆನ್ನು ನೋಡಿದ್ದ. ಸವಾರ ಕಾಣಲಿಲ್ಲ, ನಂಬರು ಕಾಣಲಿಲ್ಲ. ಹಿಂದಿನ ತಗಡು ಮಾತ್ರ ಅಂಗೈಯಷ್ಟೇ ಇತ್ತು ಎಂದು ಹೇಳಿದ. ಅಷ್ಟು ಸಾಕಾಯಿತು. ಸಣ್ಣ ತಗಡಿನ ಫಟಫಟಿಗಳನ್ನೆಲ್ಲ ತಡೆಯಿರಿ ಎಂದು ಬೀದರಿನಲ್ಲಿ ಕೂತ ದೊಡ್ಡ ಸಾಹೇಬರ ಹುಕುಂ ಬಂತು. ಹುಕುಂ ಬರೆಯುವವರಿಗೇನು, ತಲೆಯ ಮೇಲೆ ಪಂಖಾ ತೂಗುತ್ತಿರುತ್ತದೆ. ಧೂಳು ಕುಡಿಯುವವರು ನಾವು.

ತಡೆದೆವು. ತಡೆದರೆ ಎಲ್ಲರ ತಗಡೂ ಸಣ್ಣದು! ಅಡತಿ ಅಂಗಡಿಯವನದೂ ಸಣ್ಣದು, ಬಟ್ಟೆ ವ್ಯಾಪಾರಿಯದೂ ಸಣ್ಣದು. ಯಾಕೆ ಎಂದು ಗದರಿದರೆ ಎಲ್ಲರೂ ನಾಚಿಕೊಂಡು ಒಂದೇ ಮಾತು ಹೇಳಿದರು: “ಅಯ್ಯನೋರ ತಾಟಿನಾಗ ಹಿಡಸಬೇಕಲ್ರೀ.”

ಈ ಸೀಮೆಯ ಲಿಂಗವಂತ ಸಾವಕಾರರು ಹೊಸ ಗಾಡಿ ತಂದರೆ ಮೊದಲು ಮಠದ ಅಯ್ಯನವರಾದ ರಾಚಯ್ಯನವರನ್ನು ಮನೆಗೆ ಕರೆಯುತ್ತಾರೆ. ಎತ್ತಿನ ಗಾಡಿಯಿದ್ದಾಗ ನೊಗಕ್ಕೆ ಅವರ ಪಾದ ತೊಳೆದ ಪಾದೋದಕ ಚಿಮುಕಿಸುತ್ತಿದ್ದರು. ಫಟಫಟಿಗೆ ನೊಗವೆಲ್ಲಿದೆ? ಅದಕ್ಕೇ ನಂಬರಿನ ತಗಡನ್ನು ಪಾದಪೂಜೆಯ ತಾಟಿನಲ್ಲಿಟ್ಟು, ಅದರ ಮೇಲೆ ಅಯ್ಯನವರ ಪಾದ ಇಡಿಸಿ, ನೀರು ಹಾಕಿ, ವಿಭೂತಿ ಹಚ್ಚಿ ಆಮೇಲೆ ಗಾಡಿಗೆ ಕೂಡಿಸುತ್ತಾರೆ. ತಾಟು ಸಣ್ಣದು, ಹಾಗಾಗಿ ತಗಡೂ ಸಣ್ಣದು. ಸರಕಾರ ಮಾಡಿದ ಅಳತೆಗಿಂತ ಅಯ್ಯನವರ ತಾಟಿನ ಅಳತೆ ಇವರಿಗೆ ದೊಡ್ಡದು. ನಾನೇನು ಹೇಳಲಿ, ನನ್ನ ಅವ್ವ ಇದ್ದಿದ್ದರೆ ನನ್ನ ಟೊಪ್ಪಿಗೆಯ ಬಿಲ್ಲೆಯನ್ನೂ ಆ ತಾಟಿನಲ್ಲಿ ಇಡುತ್ತಿದ್ದಳು.

“ಹೊಸಾದು ಕಾಣಸ್ತದ?” ಎಂದೆ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

“ಹೊಸಾದೇರೀ. ನೀವು ಡಂಗುರ ಹೊಡಸಿದ್ದೇ ತಡ, ಬದಲಿ ಮಾಡಿಸಿಬಿಟ್ವಿ. ಸರಕಾರದ ಮಾತು ಮೀರೂ ಮಂದಿ ಅಲ್ರೀ ನಾವು.”

“ಆ ದಿನ ಈ ಗಾಡಿ ಎಲ್ಲಿತ್ತು?”

“ಎಷ್ಟ ಸಲ ಕೇಳ್ತೀರಿ ಸಾಹೇಬ? ಅಂಗಡಿ ಹಿಂದ ಗೋಣಿತಟ್ಟು ಹೊಚಗೊಂಡು ನಿಂತಿತ್ತು. ನಾ ಮನಿಮಂದಿನ್ನ ಬಂಡಿಯಾಗ ಕರಕೊಂಡು ಹೋಗಿ ಮಾಕಣಿಯಾಗ ನಮ್ಮಪ್ಪನ ತಲಿ ಹಂತ್ಯಾಕ ಕುಂತಿದ್ದೆ. ಮುದುಕ ಇವತ್ತ ಹೋಗ್ತಾನ, ನಾಳಿ ಹೋಗ್ತಾನ ಅಂತ ಇಡೀ ಬಳಗ ಕೂಡಿತ್ತು. ಈಗ ನೋಡ್ರಿ, ಅಂಬಲಿ ಕುಡದು ನನಗೇ ಬೈಕೋತ ಕುಂತಾನ!” ಕಲ್ಯಾಣಪ್ಪ ಗಹಗಹಿಸಿ ನಕ್ಕ. ದಿಗಂಬರನೂ ನಕ್ಕ.

“ಹಳೇ ತಗಡು ಏನ ಮಾಡಿದ್ರಿ?”

“ಯಾರಿಗೊತ್ತರೀ. ಎಲ್ಯೋ ಒಗದಿರಬೇಕು.”

“ಒಗದ್ರಿ? ಅಯ್ಯನೋರ ಪಾದ ಬಿದ್ದ ತಗಡು ಒಗದ್ರಿ?”

ಅವನ ನಗು ಅಲ್ಲೇ ನಿಂತಿತು. ಎರಡೂ ಕೈ ಕೆನ್ನೆಗೆ ಬಡಿದುಕೊಂಡ. “ಶಿವಶಿವಾ, ಒಗಿಲಿಕ್ಕ ಹ್ಯಾಂಗ ಬರ್ತದರೀ! ಬಾವಿಗಿ ಹಾಕೂ ಹಾಂಗಿಲ್ಲ, ಕಮ್ಮಾರಗ ಕೊಡೂ ಹಾಂಗಿಲ್ಲ. ಪಾದೋದಕ ಬಿದ್ದದ್ದು ಹೊಳ್ಳಿ ಮಠಕ್ಕೇ ಹೋಗಬೇಕು. ನಮ್ಮ ಅಂಗಡಿ ಮಂದಿ ಯಾರರ ಮುಟ್ಟಿಸಿರತಾರ.”

“ಹೋಗ್ರಿ ನೀವು” ಎಂದೆ. ಹೊಗೆ ಬಿಟ್ಟುಕೊಂಡು ಹೋದ.

ಬೇರೆ ಕಡೆಯ ಕಳ್ಳನಾದರೆ ಆ ತಗಡನ್ನು ಹಾಳುಬಾವಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದ. ನಮ್ಮವರಿಗೆ ಅದು ಆಗುವುದಿಲ್ಲ. ತಪ್ಪು ಮಾಡಿದವನೂ ಪಾದೋದಕಕ್ಕೆ ಹೆದರುತ್ತಾನೆ. ಹಾಗಿದ್ದರೆ ಆ ತಗಡು ಇನ್ನೂ ಮಠದಲ್ಲಿರಬೇಕು.

ಠಾಣೆಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಚಂಪಾಬಾಯಿ ಕೂತಿದ್ದಳು, ಸುಗಂಧಾಳ ತಾಯಿ. ದಿನವೂ ಬಂದು ಅದೇ ಜಾಗದಲ್ಲಿ ಕೂರುತ್ತಾಳೆ. ನನ್ನ ಜವಾನರು ಮೊದಮೊದಲು ಎಬ್ಬಿಸಲು ನೋಡಿದರು, ಈಗ ಅವರೇ ನೀರು ಕೊಡುತ್ತಾರೆ.

ಒಳಗಿನ ಕೋಣೆಯಲ್ಲಿ ರೇವಣಸಿದ್ಧನಿದ್ದ. ದಾಳಿಂಬದ ಹುಡುಗ, ಹಳೆಯ ಫಟಫಟಿಯ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಸಂತೆ ಸಂತೆ ತಿರುಗುವವನು. ಅವನ ತಗಡು ಸಣ್ಣದು, ಮುಂದಿನ ಮಡ್‌ಗಾರ್ಡು ನೆಗ್ಗಿದೆ. ಸಾಲದ್ದಕ್ಕೆ, ಅವನು ಸಂತೆಯಲ್ಲಿ ಸುಗಂಧಾಳನ್ನು ನೋಡಿ ನಗುತ್ತಿದ್ದ ಎಂದು ಅವಳ ಅಣ್ಣ ನಾಗನಾಥನೇ ಬಂದು ಹೇಳಿದ್ದ. ಊರಿಗೆ ಇನ್ನೇನು ಬೇಕು? ಹುಡುಗಿ ಇವನ ಕೂಡ ಓಡಿಹೋಗಲು ದಾರಿಗೆ ಬಂದಿದ್ದಳು, ಜಗಳಾಯಿತು, ಇವನು ಗಾಡಿ ಹಾಯಿಸಿದ ಎಂದು ಕತೆ ಕಟ್ಟಿತು. ನಾಳೆ ಅವನನ್ನು ಬೀದರ್ ಜೇಲಿಗೆ ಸಾಗಿಸಬೇಕು. ಮಡ್‌ಗಾರ್ಡು ಎತ್ತು ಹಾಯ್ದು ನೆಗ್ಗಿದ್ದು ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಲಿಂಗಪೂಜೆಗೆ ಮಡಿನೀರು ಸಿಗದೆ ಅನ್ನವನ್ನೂ ಮುಟ್ಟಿರಲಿಲ್ಲ. ಒಂದು ಮಾತು ನನ್ನ ತಲೆಯಲ್ಲಿ ಕೂತಿತ್ತು: ಇವನು ತಗಡು ಬದಲಿಸಿರಲಿಲ್ಲ.

“ಸಾಹೇಬ” ಚಂಪಾಬಾಯಿ ಎದ್ದಳು. “ನನ್ನ ಮಗಳ ಸಲುವಾಗಿ ಏನರ ಗೊತ್ತಾತೇನ್ರೀ?”

“ಹುಡುಕಲಿಕ್ಕ ಹತ್ತೀವಿ ಅವ್ವ.”

“ಯಾರು ಕೊಂದ್ರು ಅಂತ ಕೇಳೂದಿಲ್ರೀ ನಾ. ಕೊಂದಂವಗ ಶಿವಾ ನೋಡಕೋತಾನ. ನನ್ನ ಮಗಳು ಓಡಿ ಹೊಂಟಿದ್ದಿಲ್ಲ ಅಂತ ಒಂದು ಮಾತು ಊರಾಗ ಡಂಗುರ ಹೊಡಸ್ರಿ. ಅಷ್ಟ ಸಾಕು ನನಗ.”

ಕಣ್ಣಲ್ಲಿ ನೀರಿರಲಿಲ್ಲ. ಅತ್ತು ಮುಗಿದಿತ್ತು.

“ಆಕಿ ಚಾಳಿ ನಿಮಗ ಹೇಳೀನಲ್ರೀ. ಸಂಜಿ ಆತಂದ್ರ ದಾದಾ ಬರ್ತಾನ, ಅಣ್ಣ ಬರ್ತಾನ ಅಂತ ದಾರಿಗಿ ಹೋಗೂದು. ನಟ್ಟನಡುವ ಅಡ್ಡ ನಿಂತು ಕೈ ಎತ್ತಿ ನಗೂದು. ನಾಗನಾಥ ಯಾವ ಗಾಡಿಯಾಗ ಬರಲಿ, ಅದನ್ನ ತಡದು ಹತ್ತಿಕೊಂಡ ಮನಿಗಿ ಬರಬೇಕು ಆಕಿ. ಸಣ್ಣಾಕಿ ಇದ್ದಾಗಿಂದ ಅದೇ. ಆ ದಿನ ಅಂವಾ ಉದಗೀರ್ ಸ್ಟೇಶನ್ನಿಗಿ ಚೀಲಾ ತುಂಬಸಲಿಕ್ಕ ಹೋಗಿದ್ದ, ಬರೂದಿಲ್ಲ ಅಂತ ಹೇಳಿದ್ರೂ ಕೇಳಲಿಲ್ಲ.”

“ಊರ ಮಂದಿ ಮಾತು ಬಿಡವ್ವ.”

“ಮಂದಿದು ಬಿಡ್ತೀನ್ರೀ. ಅಯ್ಯನೋರದು ಹ್ಯಾಂಗ ಬಿಡಲಿ?” ಆಗ ಅವಳ ದನಿ ಒಡೆಯಿತು. “ಮಣ್ಣು ಕೊಡೂ ಮುಂದ ನನ್ನ ಮಗಳ ತಲಿ ಮ್ಯಾಲ ಪಾದ ಇಡಲಿಲ್ಲ ಅವ್ರು. ಕಾಲ ಎತ್ತಿದ್ರು, ಹೊಳ್ಳಿ ಇಳಿಸಿದ್ರು. ‘ನನ್ನ ಕಡಿಂದ ಆಗೂದಿಲ್ಲ’ ಅಂದು ಹೋದ್ರು. ಗುರುವಿನ ಪಾದ ಇಲ್ಲದ ಮಣ್ಣಿಗಿ ಹೋದಳ್ರೀ ನನ್ನ ಕೂಸು. ಅಯ್ಯನೋರಿಗೇ ಹೇಸಿಗಿ ಬಂತು ಅಂದಮ್ಯಾಲ ಏನೋ ಖರೇ ಇರಬೇಕು ಅಂತಾರ ಎಲ್ಲಾರೂ.”

ನಾನು ಟೊಪ್ಪಿಗೆ ಸರಿಪಡಿಸಿಕೊಂಡೆ. 

“ನಾ ಮಠಕ್ಕ ಹೊಂಟೀನಿ” ಎಂದೆ.

“ನಾನೂ ಬರ್ತೀನ್ರೀ. ಹೊರಗ ಕೂಡತೀನಿ.”

ಬೇಡ ಎನ್ನಬೇಕಿತ್ತು. ಅನ್ನಲಾಗಲಿಲ್ಲ.

ರಾಚಯ್ಯನವರು ಮಠದ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಪಾದ ಮುಟ್ಟಲು ಬಗ್ಗಿದರೆ ಸರಕ್ಕನೆ ಕಾಲು ಹಿಂದೆ ಎಳೆದುಕೊಂಡರು.

“ಮುಟ್ಟಬ್ಯಾಡೋ ತಮ್ಮಾ. ಈಗ ಯಾರಿಗೂ ಮುಟ್ಟಗೊಡೂದಿಲ್ಲ.”

ಸುತ್ತಿ ಬಳಸಿ ಕೇಳುವ ಸ್ವಭಾವ ನನ್ನದಲ್ಲ. “ಅಯ್ಯನೋರ, ಕಲ್ಯಾಣಪ್ಪನ ಫಟಫಟಿ ಹಳೇ ತಗಡು ನಿಮ್ಮ ಹಂತ್ಯಾಕ ಅದ. ಕೊಡ್ರಿ.”

ಅವರು ಇಲ್ಲ ಎನ್ನಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಗೂಡಿನಿಂದ ಕಾವಿಬಟ್ಟೆಯ ಗಂಟು ತೆಗೆದು ನನ್ನ ಮುಂದಿಟ್ಟರು. ಅಷ್ಟು ಹೊತ್ತು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರಂತೆ ಕಂಡರು.

ಗಂಟಿನಲ್ಲಿ ಎರಡು ತಗಡುಗಳಿದ್ದವು, ಹಿಂದಿನದು ಮತ್ತು ಮುಂದಿನದು. ಅಂಕಿಗಳ ಮೇಲೆ ವಿಭೂತಿಯ ಗುರುತು ಇನ್ನೂ ಇತ್ತು. ಮುಂದಿನ ತಗಡಿನ ಒಂದು ಮೂಲೆ ಮಡಚಿ ಹೋಗಿತ್ತು. ತಿರುಪಿನ ತೂತಿನಲ್ಲಿ ಹಸಿರು ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು.

ಸುಗಂಧಾಳ ಹೆಣವನ್ನು ನಾನು ದಾರಿಯಲ್ಲಿ ನೋಡಿದ್ದೆ. ಹಸಿರು ಸೀರೆ ಉಟ್ಟಿದ್ದಳು, ಸೆರಗು ಹರಿದಿತ್ತು.

“ಅಂದ್ರ ಕಲ್ಯಾಣಪ್ಪ!” ಸಿಟ್ಟು ನೆತ್ತಿಗೇರಿತು. “ನನ್ನ ಮುಂದ ಹಲ್ಲ ಕಿಸದು ಹೋದ ಬದ್ಮಾಶ್!”

“ಅಲ್ಲ” ಎಂದರು ರಾಚಯ್ಯನವರು. “ಕಲ್ಯಾಣಪ್ಪಗ ಏನೂ ಗೊತ್ತಿಲ್ಲ. ಅಂವಾ ಅಪ್ಪನ ಹಂತ್ಯಾಕೇ ಇದ್ದ. ನಾ ಹೋದಾಗ ನನ್ನ ಕಾಲ ತೊಳದಂವ ಅವನೇ. ನಾ ಬಾಡಿಗಿ ಗಾಡಿಯಾಗ ಬಂದೆ ಅಂತ ತಿಳದಾನ.”

“ನೀವು ಹೋಗಿದ್ರಿ? ಆ ದಿನ?”

“ಮಾಕಣಿಯಿಂದ ಹೇಳಿ ಕಳಿಸಿದ್ರು. ಮುದುಕನ ಜೀವ ಹೊಂಟದ, ಪಾದೋದಕ ಬಾಯಿಗಿ ಬೀಳಬೇಕು ಅಂತ. ಹೊತ್ತು ಇಳದಿತ್ತು. ಎತ್ತಿನ ಗಾಡಿಗಿ ಮುಟ್ಟೂದು ಆಗತಿದ್ದಿಲ್ಲ. ಅಂಗಡಿ ಹಿಂದ ಫಟಫಟಿ ಇತ್ತು. ಸಾವಕಾರಗ ಗೊತ್ತಾಗದಾಂಗ ಅದನ್ನ ಹೊಡಿಲಿಕ್ಕ ಕಲತಂವ ಒಬ್ಬ ಇದ್ದ. ನಾನೇ ಕೇಳಿದೆ, ನನ್ನ ಕರಕೊಂಡು ಹೋಗಪ್ಪಾ ಅಂತ. ಅಂವಾ ಒಲ್ಲೆ ಅಂದ. ನಾ ಬಿಡಲಿಲ್ಲ.”

ಅವರು ಗೋಡೆ ನೋಡುತ್ತ ಮಾತಾಡುತ್ತಿದ್ದರು.

“ಎದುರಿಗಿ ಸೂರ್ಯಾ. ಮುಂದ ಎಮ್ಮಿ ಹಿಂಡು ಹೋಗಿತ್ತು, ಬರೇ ಧೂಳು. ಧಡ್ ಅಂತ ಬಡೀತು. ‘ಅಯ್ಯನೋರ, ಕುರಿ ಬಡೀತೇನೋ, ನಿಂದರಸಲೇನು?’ ಅಂತ ಅಂವಾ ಕೇಳಿದ. ನಾ ಹೊಳ್ಳಿ ನೋಡಿದೆ. ಹಸರು ಸೀರಿ ಕಂಡೆ, ತಮ್ಮಾ. ಕೈ ಅಲ್ಲಾಡತಿತ್ತು.”

“ಜೀವ ಇತ್ತು?”

“ಇತ್ತು.”

“ಮತ್ತ ನೀವು?”

“ಅಲ್ಲಿ ಒಂದು ಜೀವ ಪಾದೋದಕ ಇಲ್ಲದ ಹೊಂಟದ, ನಿಂತ್ರ ತಪ್ಪತದ ಅಂತ ಅನಸ್ತು. ‘ಕುರಿ ಅದ, ನಡಿ’ ಅಂದೆ.” ರಾಚಯ್ಯನವರು ತಮ್ಮ ಎರಡೂ ಪಾದಗಳನ್ನು ಕೈಯಿಂದ ಮುಚ್ಚಿಕೊಂಡರು. “ಅಲ್ಲಿ ಹೋಗಿ ನೋಡಿದ್ರ ಮುದುಕ ಕಣ್ಣ ತೆರದ. ಪಾದೋದಕ ಕುಡದು ಎದ್ದು ಕುಂತ. ಎಲ್ಲಾರೂ ನನ್ನ ಪವಾಡ ಅಂತ ಕಾಲಿಗಿ ಬಿದ್ರು. ಮರುದಿನ ಹೊಳ್ಳಿ ಬಂದ್ರ ಮಣ್ಣಿಗಿ ಕರದ್ರು. ಮಾರಿ ಮ್ಯಾಲಿನ ಬಟ್ಟಿ ತೆಗದ್ರ ಅದೇ ಹಸರು ಸೀರಿ. ಆ ತಲಿ ಮ್ಯಾಲ ಯಾವ ಪಾದ ಇಡಲೋ ನಾ? ಆಕಿಗಿ ಹೇಸಿ ಅಲ್ಲ. ನನ್ನ ಪಾದಕ್ಕ ನಾನೇ ಹೇಸೀನಿ.”

ನಾನು ಬಾಗಿಲ ಕಡೆ ನೋಡಿದೆ. ಚಂಪಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಶಿವನೇ ಬಲ್ಲ.

ಕೂಗಾಡುತ್ತಾಳೆ ಎಂದುಕೊಂಡೆ. ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡೆ. ಅವಳು ನೆಲದ ಮೇಲೆ ಕೂತು ಹಣೆ ಚಚ್ಚಿಕೊಂಡಳು, ಅಷ್ಟೇ. ಆಮೇಲೆ ಅವಳ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ದಿನಗಟ್ಟಲೆ ಹೊತ್ತ ಕಲ್ಲೊಂದನ್ನು ಇಳಿಸಿದವಳ ಹಾಗಿತ್ತು.

“ಅಂದ್ರ ನನ್ನ ಮಗಳದು ಏನೂ ತಪ್ಪಿದ್ದಿಲ್ಲ. ಕೇಳಿದ್ರೇನ್ರೀ ಸಾಹೇಬ? ಅಯ್ಯನೋರ ಬಾಯಿಲೆ ಬಂತು. ನನ್ನ ಮಗಳು ಓಡಿ ಹೊಂಟಿದ್ದಿಲ್ಲ!”

“ಕೇಳಿದೆ ಅವ್ವ. ಊರಾಗ ನಾನೇ ಹೇಳಸ್ತೀನಿ. ರೇವಣಸಿದ್ಧನ್ನ ಇವತ್ತೇ ಬಿಡ್ತೀನಿ.” ನಾನು ರಾಚಯ್ಯನವರ ಕಡೆ ತಿರುಗಿದೆ. “ಫಟಫಟಿ ಹೊಡದಂವ ಯಾರು?”

“ಅದೊಂದು ಕೇಳಬ್ಯಾಡ. ಅಂವಾ ನೋಡಲಿಲ್ಲ, ನೋಡಿದಂವ ನಾ. ಬೇಡಿ ನನಗ ಹಾಕು.”

“ತಗಡು ತಂದು ಕೊಟ್ಟಂವನೂ ಅವನೇನು?”

“ಅವನೇ. ಇಲ್ಲಿ ಬಿದ್ದು ಹೊರಳಾಡಿ ಅತ್ತು ಹೋದ.”

“ಹೆಸರು?”

ಅವರು ತಲೆ ಅಲ್ಲಾಡಿಸಿದರು. ಚಂಪಾಬಾಯಿ ತೆವಳುತ್ತ ಹತ್ತಿರ ಬಂದಳು.

“ಅಯ್ಯನೋರ, ನನಗ ಹೆಸರು ಬ್ಯಾಡ್ರೀ. ಒಂದು ಹೇಳ್ರಿ ಸಾಕು. ಬಡಿಯೂಕಿಂತ ಮೊದಲು ನೀವು ಆಕಿನ ನೋಡಿದ್ರೇನು? ಅಂಜಿದ್ದಳೇನ್ರೀ ನನ್ನ ಕೂಸು? ಚೀರಿದಳೇನು?”

ರಾಚಯ್ಯನವರ ಕಣ್ಣಿಂದ ನೀರು ಇಳಿಯಿತು. ಆ ತಾಯಿಗೆ ಕೊಡಲು ಅವರ ಬಳಿ ಇದ್ದ ಒಂದೇ ಒಳ್ಳೆಯ ಮಾತನ್ನು ಕೊಟ್ಟರು.

“ಇಲ್ಲವ್ವ. ಚೀರಲಿಲ್ಲ. ಧೂಳು ಸರದಾಗ ಒಂದು ಸಲ ನನಗೊಬ್ಬಗೇ ಕಂಡಿದ್ದಳು, ಹೊಡಿಯಂವನ ಕಣ್ಣಾಗ ಸೂರ್ಯಾ ಇದ್ದ. ಫಟಫಟಿ ಸಪ್ಪಳ ಗುರುತು ಇದ್ದಾಕಿ ಹಾಂಗ ಓಡಿ ಬಂದು, ದಾರಿ ನಟ್ಟನಡುವ ನಿಂತು, ಕೈ ಮ್ಯಾಲ ಎತ್ತಿ… ನಗತಿದ್ದಳು.”



ಅಯ್ಯನವರತ್ತ ಚಾಚಿದ್ದ ಚಂಪಾಬಾಯಿಯ ಕೈ ಗಾಳಿಯಲ್ಲೇ ನಿಂತಿತು. ಅವಳು ರಾಚಯ್ಯನವರನ್ನು ನೋಡಿದಳು. ರಾಚಯ್ಯನವರು ತಲೆ ತಗ್ಗಿಸಿದರು. ತಾವು ಏನು ಹೇಳಿಬಿಟ್ಟೆವು ಎಂದು ಅವರಿಗೆ ಆಗ ತಿಳಿಯಿತು. ನನಗೂ ತಿಳಿಯಿತು. ಸುಗಂಧಾ ಹಾಗೆ ಕೈ ಎತ್ತಿ ನಗುತ್ತಿದ್ದುದು ಒಬ್ಬನಿಗೇ: ತಂಗಿಯನ್ನು ಹೆಗಲ ಮೇಲೆ ಹೊತ್ತು ಮಣ್ಣಿಗೆ ಒಯ್ದವನು, ರೇವಣಸಿದ್ಧನ ಹೆಸರು ನನ್ನ ಕಿವಿಗೆ ಹಾಕಿದವನು, ಕಲ್ಯಾಣಪ್ಪನ ಅಂಗಡಿಯಲ್ಲಿ ಚೀಲ ತೂಗುವವನು, ಉದಗೀರಿಗೆ ಹೋಗುತ್ತೇನೆಂದು ಹೇಳಿ ಆ ದಿನ ಅಂಗಡಿಯಲ್ಲೇ ಉಳಿದವನು.

“ಚಂಪಾಬಾಯಿ…” ಎಂದೆ.

ಅವಳು ನನ್ನನ್ನು ಕೇಳಿಸಿಕೊಳ್ಳಲಿಲ್ಲ. ಹೋಗಿ, ಗಂಟಿನಿಂದ ಮುಂದಿನ ತಗಡನ್ನು ಎತ್ತಿಕೊಂಡಳು. ಹಸಿರು ಎಳೆಯನ್ನು ಉಗುರಿನಿಂದ ಬಿಡಿಸಿದಳು, ಅವಸರವಿಲ್ಲದೆ, ಮಗಳ ತಲೆಯ ಸಿಕ್ಕು ಬಿಡಿಸುವ ಹಾಗೆ. ಅದನ್ನು ತುಟಿಗೆ ಮುಟ್ಟಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ತಡೆಯಬೇಕಾದವನು ನಾನು. ನನ್ನ ಕೈ ಏಳಲಿಲ್ಲ.

“ಅಯ್ಯನೋರಿಗಿ ವಯಸ್ಸಾಗ್ಯಾದ ಸಾಹೇಬ” ಎಂದಳು. ದನಿ ಬೇರೆಯದೇ ಆಗಿತ್ತು. “ಏನೋ ಕನಸ ಕಂಡಾರ. ಅವ್ರ ಮಾತು ಬರಕೋಬ್ಯಾಡ್ರಿ.”

“ಚಂಪಾಬಾಯಿ, ಠಾಣೆದಾಗ ಒಬ್ಬ ಹುಡುಗ ಉಪವಾಸ ಕುಂತಾನ!”

“ನಾ ಹೇಳೂದು ಬರಕೋರಿ” ಎಂದಳು.  “ನನ್ನ ಮಗಳು ಸುಗಂಧಾ ನಡತಿಗೆಟ್ಟಾಕಿ. ರೇವಣಸಿದ್ಧನ ಕೂಡ ಓಡಿ ಹೊಂಟಿದ್ದಳು. ಹೆತ್ತ ತಾಯಿ ನಾ ಹೇಳ್ತೀನಿ. ಎಲ್ಲಿ ಹೆಬ್ಬಟ್ಟು ಒತ್ತಬೇಕು ತೋರಸ್ರಿ.”

ಮಸಿಯ ಸಲುವಾಗಿ ಹೆಬ್ಬೆರಳು ಮುಂದೆ ಚಾಚಿದಳು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಫಟಫಟಿಯ ಸಪ್ಪಳ ಕೇಳಿತು. ಅದು ಮಠದ ಬಾಗಿಲಿಗೆ ಬಂದು ನಿಂತಿತು.

“ಯವ್ವಾ, ಒಳಗ ಇದ್ದೀ ಏನು?” ನಾಗನಾಥನ ದನಿ. “ಈಗ ಸಾವಕಾರೇ ಹೊಡಿಲಿಕ್ಕ ಕಲಿಸಿ ಗಾಡಿ ಕೊಟ್ಟಾರ. ಬಾ, ಮನಿಗಿ ಹೋಗೂಣು.”

ನಾನು ಏಳುವ ಮೊದಲೇ ಚಂಪಾಬಾಯಿ ಎದ್ದಳು. ಓಡಿಹೋಗಿ ಬಾಗಿಲಿನ ನಟ್ಟನಡುವೆ ಅಡ್ಡ ನಿಂತಳು. ನನಗೆ ಬೆನ್ನು ತೋರಿಸಿ, ಮಗನ ಕಡೆ ಮುಖ ಮಾಡಿ, ಅವನು ಒಳಗೆ ಬರದಂತೆ ಒಂದು ಕೈ ಮೇಲೆ ಎತ್ತಿದಳು.